ಚನಿಯಾರು ನಿಂತ ಸಾಲು

ನೀರಕಜೆಯ ಚನಿಯಾರು ಪಂಚಾಯತಿಗೆ ಮೆಂಬರಾಗುವ ಹೊತ್ತಿಗೆ ಅವಳ ತಲೆ ಅರ್ಧ ನರೆತಿತ್ತು. ಬೆಳ್ಳಾರೆ ಪೇಟೆಯಲ್ಲಿ ಅವಳನ್ನು ಕಂಡವರು "ಮೆಂಬ್ರು ಹೋಗ್ತಾ ಇದ್ದಾರೆ ನೋಡಿ" ಎಂದು ಅರ್ಧ ತಮಾಷೆಗೂ ಅರ್ಧ ನಿಜಕ್ಕೂ ಹೇಳುತ್ತಿದ್ದರು. ಸಭೆಯಲ್ಲಿ ಅವಳು ಹೆಚ್ಚು ಮಾತಾಡುವವಳಲ್ಲ. ಹಿಡಿದ ಮಾತನ್ನು ಬಿಡುವವಳೂ ಅಲ್ಲ. ಅದು ಅವಳಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ಊರಿನವರು ಐವತ್ತೆಂಟನೇ ಇಸವಿಯ ಒಂದು ಶುಕ್ರವಾರದ ಕತೆ ಹೇಳುತ್ತಾರೆ. ಹೇಳುವವರ ಜಾತಿಗೆ ತಕ್ಕಂತೆ ಕತೆ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಇಲ್ಲಿ ಹೇಳುತ್ತಿರುವುದು ಚನಿಯಾರು ಕಂಡ ಹಾಗೆ.

ಅವಳು ಹುಟ್ಟಿದ್ದು ಶನಿವಾರ, ಹಾಗಾಗಿ ಚನಿಯಾರು. ಗುಡ್ಡೆಯಾಚೆಯ ಹರಿಜನರ ಕೇರಿಯಲ್ಲಿ ಹೆಸರಿಗಾಗಿ ತಲೆಕೆಡಿಸಿಕೊಳ್ಳುವ ಪದ್ಧತಿ ಇರಲಿಲ್ಲ, ಹುಟ್ಟಿದ ವಾರವೇ ಹೆಸರು. ನಡೆಯಲು ಕಲಿತ ಮೇಲೆ ಸೊಪ್ಪು ಹೊತ್ತಳು, ಗೊಬ್ಬರ ಹೊತ್ತಳು, ನೇಜಿ ನೆಟ್ಟಳು, ಸುಂದರನನ್ನು ಮದುವೆಯಾದಳು, ಮತ್ತೆ ಸೊಪ್ಪು ಹೊತ್ತಳು. ಗಂಡ ಹೆಂಡತಿ ಇಬ್ಬರಿಗೂ ಕೆಲಸ ಕುಕ್ಕಪ್ಪ ಗೌಡನ ಗದ್ದೆಯಲ್ಲಿ. ಅವರ ಗುಡಿಸಲು ನಿಂತಿದ್ದೂ ಗೌಡನ ಜಾಗದಲ್ಲೇ. ಮಗಳು ಹುಟ್ಟಿದಾಗ ಮಾತ್ರ ಸುಂದರ ಪದ್ಧತಿ ಮುರಿದ. ಯಾವುದೋ ತಾಳಮದ್ದಳೆಯನ್ನು ದೂರದಲ್ಲಿ ಕೂತು ಕೇಳಿ ಬಂದವನು ಮಗುವಿಗೆ ಸೀತು ಎಂದು ಹೆಸರಿಟ್ಟ. ಈ ಮಗು ಗೊಬ್ಬರ ಹೊರಬಾರದು ಎಂದು ಚನಿಯಾರುವಿಗೆ ಅನಿಸಿದ್ದು ಆಗಲೇ ಇರಬೇಕು.

ಆಗ ನೀರಕಜೆಯಲ್ಲಿ ಶಾಲೆ ಇತ್ತು, ಶಾಲೆಗೊಂದು ಕಟ್ಟಡ ಇರಲಿಲ್ಲ. ಕುಕ್ಕಪ್ಪ ಗೌಡನ ಮನೆಯ ಉದ್ದ ಜಗಲಿಯಲ್ಲಿ ಒಬ್ಬರೇ ಮಾಷ್ಟ್ರು ಎಲ್ಲ ಮಕ್ಕಳಿಗೂ ಪಾಠ ಮಾಡುತ್ತಿದ್ದರು. ಗೌಡ ಕೆಟ್ಟವನಲ್ಲ. ಜಗಲಿ ಬಿಟ್ಟುಕೊಟ್ಟದ್ದಲ್ಲದೆ ಮಾಷ್ಟ್ರಿಗೆ ಮಧ್ಯಾಹ್ನದ ಊಟವನ್ನೂ ಹಾಕುತ್ತಿದ್ದ. ಆದರೆ ಜಗಲಿಗೆ ಅದರದೇ ಕಟ್ಟಳೆ ಉಂಟಲ್ಲ, ಕೇರಿಯ ಮಕ್ಕಳು ಅದನ್ನು ಹತ್ತುವಂತಿಲ್ಲ. ಅವರು ಅಂಗಳದಲ್ಲಿ ಕೂತು ಕತ್ತು ಮೇಲೆತ್ತಿ ಕಲಿಯಬೇಕು. ಅಸ್ಪೃಶ್ಯತೆಯ ವಿರುದ್ಧ ದಿಲ್ಲಿಯಲ್ಲಿ ಕಾನೂನು ಬಂದಿತ್ತಂತೆ. ನೀರಕಜೆಗೆ ಬರುವ ದಾರಿ ಅದಕ್ಕೆ ಗೊತ್ತಿರಲಿಲ್ಲ.

ಬಿಸಿಲನ್ನಾದರೂ ತಡೆಯಬಹುದು, ಮಳೆಗಾಲದಲ್ಲಿ ಆ ಅಂಗಳವೇ ತೋಡಾಗುತ್ತಿತ್ತು. ಜೂನಿನಲ್ಲಿ ಶಾಲೆ ಶುರುವಾದರೆ ಕೇರಿಯ ಮಕ್ಕಳು ಬರುವುದು ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ಜಗಲಿಯ ಮಕ್ಕಳು ಮಗ್ಗಿ ಹೇಳುತ್ತಿರುತ್ತಿದ್ದರು. ಉಳಿದ ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟುಬಿಟ್ಟರು, ಸೀತು ಬಿಡಲಿಲ್ಲ. ಪ್ರತಿ ವರ್ಷ ಕಲಿತದ್ದನ್ನು ಮಳೆಗಾಲದಲ್ಲಿ ಮರೆತು, ಮತ್ತೆ ಬಂದು ಒಂದನೇ ಕ್ಲಾಸಿನಲ್ಲೇ ಕೂರುತ್ತಿದ್ದಳು. ಇನ್ನೊಂದು ಮಳೆಗಾಲ ತಪ್ಪಿಸಿದರೆ ಹೆಸರು ತೆಗೆಯದೆ ಬೇರೆ ದಾರಿ ಇಲ್ಲ ಎಂದು ಮಾಷ್ಟ್ರು ಸುಂದರನಿಗೆ ಬೇಸರದಿಂದಲೇ ಹೇಳಿದರು. ಹುಡುಗಿ ಸುಮ್ಮನಿದ್ದರೆ ಎಮ್ಮೆ ಮೇಯಿಸಲು ಬರಲಿ ಎಂದು ಗೌಡನ ಹೆಂಡತಿ ದುಗ್ಗಮ್ಮ ಆಗಲೇ ಹೇಳಿಕಳಿಸಿದ್ದಳು.

ಆ ಹೊತ್ತಿಗೆ ಸೈಕಲ್ ಏರಿ ಬಂದವನು ಗ್ರಾಮಸೇವಕ. ಪುತ್ತೂರಿನ ಬ್ಲಾಕ್ ಆಫೀಸಿನವರು ಹಳ್ಳಿಗಳಿಗೆ ಕಳಿಸುತ್ತಿದ್ದ ಹೊಸ ನಮೂನೆಯ ಸರಕಾರಿ ಮನುಷ್ಯ, ಖಾಕಿ ಚಡ್ಡಿ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಊರಿನ ಕೆಲಸವನ್ನು ಊರಿನವರೇ ಕೂತು ಮಾತಾಡಿ ಮಾಡಿಕೊಳ್ಳಬೇಕು ಎನ್ನುವುದು ಅವನ ಪಾಠ. ಭಾನುವಾರ ಸಂಜೆ ಗುಡ್ಡೆಯ ಬುಡದ ಕಾಟುಮಾವಿನ ಮರದಡಿ ಎಲ್ಲರನ್ನೂ ಸೇರಿಸುತ್ತಿದ್ದ. ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಮುಚ್ಚಿಕೊಂಡಿರಬೇಕು ಎನ್ನುತ್ತಿದ್ದ, ಅದು ನೀರಕಜೆಯಲ್ಲಿ ಯಾರೂ ಕೇಳಿರದ ಸಂಗತಿ. ದೊಡ್ಡ ದೊಡ್ಡ ಗಂಡಸರನ್ನು ಸುತ್ತ ನಿಲ್ಲಿಸಿ ಚೆಂಡು ದಾಟಿಸುವ ಆಟ ಆಡಿಸುತ್ತಿದ್ದ. ಇವನಿಗೆ ಮದುವೆ ಆಗಿಲ್ಲ, ಪುರುಸೊತ್ತು ಜಾಸ್ತಿ ಎಂದು ಜನ ನಗುತ್ತಿದ್ದರು. ನಗಲಿಕ್ಕಾದರೂ ಬರುತ್ತಿದ್ದರು.

ಶಾಲೆಯ ಕಟ್ಟಡದ ಮಾತು ಎದ್ದದ್ದು ಅಲ್ಲೇ. ಗೋಡೆ ಊರಿನವರು ಎಬ್ಬಿಸಿದರೆ ಮರ, ಹಂಚು ಸರಕಾರದ್ದು ಎಂದಾಯಿತು. ಎಲ್ಲಿ ಕಟ್ಟುವುದು? ತನ್ನ ಹಟ್ಟಿಯ ಪಕ್ಕದ ಜಾಗ ಕೊಡುತ್ತೇನೆ ಎಂದ ಕುಕ್ಕಪ್ಪ ಗೌಡ. ಸರಕಾರಿ ಗುಡ್ಡೆಯ ಮೇಲಾಗಲಿ ಎಂದ ರಸ್ತೆ ಬದಿಯಲ್ಲಿ ಒಣಮೀನು, ಬೆಲ್ಲದ ಅಂಗಡಿ ಇಟ್ಟ ಪೋಕರ್ ಬ್ಯಾರಿ. ಗ್ರಾಮಸೇವಕ ಕೈ ಎತ್ತಿಸಿದ. ಕೇರಿಯವರು ಯಾವಾಗಿನ ಹಾಗೆ ಮಾವಿನ ನೆರಳಿಗಿಂತ ಆಚೆ, ಬಿಸಿಲಲ್ಲಿ ನಿಂತಿದ್ದರು. ಗುಡ್ಡೆಗೆ ಎಷ್ಟು ಕೈ ಎಂದಾಗ ಚನಿಯಾರು ಸುಮ್ಮನೆ ನೋಡೋಣವೆಂದು ಕೈ ಎತ್ತಿದಳು. ಗ್ರಾಮಸೇವಕ ನೆರಳಿನ ಕೈಗಳನ್ನು ಎಣಿಸಿ ಮುಗಿಸಿ, ಬಿಸಿಲಿಗೆ ನಡೆದು ಬಂದು, ಬೆರಳು ತೋರಿಸುತ್ತ ಇವರ ಕೈಗಳನ್ನೂ ಎಣಿಸಿದ. ಗುಡ್ಡೆ ಗೆದ್ದಿತು. ಕುಕ್ಕಪ್ಪ ಗೌಡನ ಕೈಗೂ ತನ್ನ ಕೈಗೂ ಲೆಕ್ಕ ಒಂದೇ ಎನ್ನುವುದು ಚನಿಯಾರುವಿಗೆ ನಂಬಲಾಗದ ವಿಷಯ. ಮನೆಗೆ ಹೋದ ಮೇಲೂ ಅವಳು ಆ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು.

ಆ ಬೇಸಗೆಯಿಡೀ ಗೋಡೆಯ ಕೆಲಸ. ಮಣ್ಣು ತುಳಿದು, ಉಂಡೆ ಕಟ್ಟಿ, ಪದರ ಪದರವಾಗಿ ಏರಿಸುವ ಮಣ್ಣಿನ ಗೋಡೆ. ಯಾವ ಗೋಡೆ ಯಾರದು ಎಂದು ಹಂಚಿಕೊಂಡರು. ಗೌಡರದೊಂದು, ಮುಸಲ್ಮಾನ ಬ್ಯಾರಿಗಳದೊಂದು, ಉಳಿದವರದೊಂದು, ಪಡುವಣ ಗೋಡೆ ಕೇರಿಯವರದು. ಮಳೆ ಹೊಡೆಯುವುದೂ ಪಡುವಣದಿಂದಲೇ. ಗೌಡನ ಕೆಲಸ ಮುಗಿಸಿ ಬಂದು ಚನಿಯಾರು ಕತ್ತಲಾಗುವ ತನಕ ಅಲ್ಲಿ ಮಣ್ಣು ತುಳಿಯುತ್ತಿದ್ದಳು. ಆ ಗೋಡೆಯ ಒಳಗೆ ಅಂಗಳ ಇಲ್ಲ, ಜಗಲಿ ಇಲ್ಲ, ಎಲ್ಲರಿಗೂ ಒಂದೇ ನೆಲ. ಮಗಳು ಕೂರುವುದು ಅಲ್ಲಿ. ಆಯಾಸ ಆದಾಗಲೆಲ್ಲ ಅವಳು ಅದನ್ನೇ ನೆನೆಯುತ್ತಿದ್ದಳು.

ಹಂಚಿನ ಲಾರಿ ಗುಡ್ಡೆ ಹತ್ತುವುದಿಲ್ಲ ಎನ್ನುವುದು ಮೊದಲೇ ಗೊತ್ತಿತ್ತು. ಹೊತ್ತು ಹತ್ತಿ ಇಳಿದರೆ ದಿನಗಟ್ಟಲೆ ಬೇಕು, ರಸ್ತೆಯಿಂದ ಗುಡ್ಡೆಯ ನೆತ್ತಿಯವರೆಗೆ ಸಾಲು ನಿಂತು ಕೈಯಿಂದ ಕೈಗೆ ದಾಟಿಸಿದರೆ ಒಂದೇ ದಿನ ಸಾಕು ಎಂದ ಗ್ರಾಮಸೇವಕ. ಖಾಲಿ ಕೊಡಗಳನ್ನು ಕೊಟ್ಟು ಅಭ್ಯಾಸಕ್ಕೆ ನಿಲ್ಲಿಸಿದ. ಜನ ನಿಂತರು, ಅವರವರು ಅವರವರ ಪಕ್ಕ. ಕೆಳಗೆ ಕೇರಿಯವರು, ಮೇಲೆ ಗೌಡರು. ಕೊಡ ಸರಸರ ಏರಿತು. ಕೇರಿಯ ಸಾಲು ಮುಗಿದು ಗೌಡರ ಸಾಲು ಶುರುವಾಗುವಲ್ಲಿ ನಿಂತಿತು. ಈಚೆಯವನು ಕೊಡವನ್ನು ನೆಲಕ್ಕಿಟ್ಟು ಹಿಂದೆ ಸರಿದ, ಆಚೆಯವನು ಮುಂದೆ ಬಂದು ಎತ್ತಿಕೊಂಡ. ಮುಂದಿನ ಕೊಡಕ್ಕೂ ಹಾಗೆಯೇ. ಯಾರೂ ಬೇಕೆಂದು ಮಾಡಿದ್ದಲ್ಲ, ಕೈಗೆ ಬೇರೆ ರೀತಿ ಗೊತ್ತೇ ಇರಲಿಲ್ಲ. ಕೆಳಗೆ ಕೊಡಗಳ ರಾಶಿ ಬಿತ್ತು.

ಮುಂದಿನ ಭಾನುವಾರ, ಯಾರೂ ಹೇಳದೆ ಯಾರೂ ಕೇಳದೆ, ಬ್ಯಾರಿಗಳು ಬಂದು ನಡುವೆ ನಿಂತರು. ಕೇರಿಯ ಕೈಯಿಂದ ಬ್ಯಾರಿಯ ಕೈಗೆ, ಬ್ಯಾರಿಯ ಕೈಯಿಂದ ಗೌಡನ ಕೈಗೆ. ಕೊಡ ಎಲ್ಲೂ ನಿಲ್ಲದೆ ನೆತ್ತಿ ಮುಟ್ಟಿತು. ಗ್ರಾಮಸೇವಕ ತಲೆ ಕೆರೆದುಕೊಂಡು, ಹೇಗಾದರೂ ಆಯಿತಲ್ಲ ಎಂದು ಸುಮ್ಮನಾದ. ಪೋಕರ್ ಮಾತ್ರ ನಗುತ್ತ, "ನಾವು ಬ್ಯಾರಿಗಳು ಇಲ್ಲಿ ಕಾಲುಸಂಕ ಮಾರಾಯ್ರೆ. ಎಲ್ಲರೂ ನಮ್ಮ ಮೇಲಿಂದಲೇ ದಾಟುದು" ಎಂದ. ಎಲ್ಲರೂ ನಕ್ಕರು. ಇಷ್ಟು ಜಾಣತನ ಮಾಡಿದ ಊರಿಗೆ ಲಾರಿ ಬರುವ ದಿನ ಯಾವ ವಾರವಾಗಬಹುದು ಎಂದು ಯೋಚಿಸಲು ಹೊಳೆಯಲಿಲ್ಲ.

ಗೋಡೆ ಎದ್ದಿತು, ಮಾಡಿಗೆ ಹಂಚು ಹೊರುವ ಮರದ ಪಕ್ಕಾಸು ರೀಪು ಕೂತಿತು, ಲಾರಿ ಬರಲಿಲ್ಲ. ಪತ್ತನಾಜೆ ಕಳೆಯಿತು. ಭೂತಗಳೂ ವರ್ಷದ ನೇಮ ಮುಗಿಸಿ ಮಣೆ ಸೇರುವ ಆ ದಿನ ಕಳೆದರೆ ಮಳೆ ಯಾರನ್ನೂ ಕೇಳಿ ಬರುವುದಿಲ್ಲ. ಸಂಜೆ ಸಂಜೆ ಸುಬ್ರಹ್ಮಣ್ಯದ ಕಡೆಯ ಬೆಟ್ಟದ ಮೇಲೆ ಮೋಡ ಕಟ್ಟುತ್ತಿತ್ತು. ಮಾಡು ಮುಚ್ಚದ ಮಣ್ಣಿನ ಗೋಡೆಗೆ ಒಂದು ದೊಡ್ಡ ಮಳೆ ಬಿದ್ದರೆ ಸಾಕು, ಬೇಸಗೆಯ ದುಡಿಮೆಯೆಲ್ಲ ಕೆಸರಾಗಿ ಗುಡ್ಡೆ ಇಳಿಯುತ್ತದೆ. ಶಾಲೆ ಮತ್ತೆ ಗೌಡನ ಜಗಲಿಗೆ, ಸೀತು ಎಮ್ಮೆಯ ಹಿಂದೆ. ಚನಿಯಾರು ಆ ದಿನಗಳಲ್ಲಿ ಅನ್ನ ಸೇರದೆ ಓಡಾಡಿದಳು.

ಮಾಣಿ ಪೇಟೆಯ ಹತ್ತಿರ ಟಯರು ಒಡೆದು ನಿಂತಿದ್ದ ಲಾರಿ ಕೊನೆಗೂ ಬಂತು. ಅಂದು ಶುಕ್ರವಾರ. ಬೆಳಿಗ್ಗೆಯೇ ಪಡುವಣ ಆಕಾಶ ಕಪ್ಪಾಗಿತ್ತು. ಕೂಗು ಹಾಕಿದ್ದೇ ತಡ, ಊರಿಗೆ ಊರೇ ಎದ್ದು ಬಂತು. ಸುಂದರ ಲಾರಿ ಹತ್ತಿ ಹಂಚು ಇಳಿಸಿ ಕೊಡಲು ನಿಂತ. ಕುಕ್ಕಪ್ಪ ಗೌಡ ಮುಂಡು ಎತ್ತಿ ಕಟ್ಟಿ ಮಾಡಿನ ಮೇಲೆ ಹಂಚು ಹೊದಿಸಲು ಕೂತ. ಚನಿಯಾರು ಕೇರಿಯ ಸಾಲಿನ ಮೇಲಿನ ತುದಿಯಲ್ಲಿ, ಅವಳ ಮುಂದೆ ಪೋಕರ್ ಮತ್ತು ಅವನ ಜನ, ಅವರಿಂದ ಮೇಲೆ ಗೌಡರ ಸಾಲಿನ ಮೊದಲಿಗೆ ದುಗ್ಗಮ್ಮ. ಮನೆಯ ಗಂಡಸರೆಲ್ಲ ಮಾಡಿನ ಮೇಲಿದ್ದುದರಿಂದ ಅವಳೂ ಬಂದಿದ್ದಳು.

ಮೊದಲ ಹಂಚು ಕೈಗೆ ಬರುವ ಮುಂಚೆ ಚನಿಯಾರು ಒಮ್ಮೆ ಮೇಲೂ ಒಮ್ಮೆ ಕೆಳಗೂ ನೋಡಿದಳು. ನೇಮದಲ್ಲಿ ಅವಳು ಇದಕ್ಕಿಂತ ದೊಡ್ಡ ಜನಸಂದಣಿ ಕಂಡಿದ್ದಳು. ಅಲ್ಲಿ ಅವಳು ನಿಲ್ಲುವ ಜಾಗ ಎಲ್ಲರಿಗಿಂತ ಹಿಂದೆ, ಅವಳಿದ್ದರೂ ಇಲ್ಲದಿದ್ದರೂ ನೇಮ ನಡೆಯುತ್ತಿತ್ತು. ಇಲ್ಲಿ ಹಾಗಲ್ಲ. ಅವಳು ಕೈ ಕೆಳಗಿಳಿಸಿದರೆ ಇಡೀ ನೀರಕಜೆ ನಿಲ್ಲುತ್ತದೆ. ಇಷ್ಟು ಜನರಿಗೆ ತಾನು ಬೇಕಾದದ್ದು ಇದೇ ಮೊದಲು ಎಂದು ಅವಳಿಗೆ ಅನಿಸಿತು. ಅಷ್ಟರಲ್ಲಿ ಹಂಚು ಬಂತು, ಆಮೇಲೆ ಅಳಲಿಕ್ಕೆ ಪುರುಸೊತ್ತು ಸಿಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಾಡಿನ ಮೂಡಣ ಬದಿ ಮುಚ್ಚಿತ್ತು, ಪಡುವಣ ಬದಿ ಬೋಳಾಗಿತ್ತು. ಆಗ ಕೆಳಗಿನ ಪಳ್ಳಿಯಿಂದ ನಗಾರಿ ಕೇಳಿತು. ಶುಕ್ರವಾರದ ಜುಮಾ ನಮಾಜು. ಪೋಕರ್ ಆಕಾಶ ನೋಡಿದ, ಸಾಲು ನೋಡಿದ, ಅವನ ಮುಖ ಸಣ್ಣದಾಯಿತು. ಬೇಗ ಬರುತ್ತೇವೆ ಎಂದು ಹೇಳಿ ತನ್ನವರನ್ನು ಕರೆದುಕೊಂಡು ಇಳಿದು ಹೋದ. ಯಾರೂ ಅವರನ್ನು ತಡೆಯಲಿಲ್ಲ, ತಡೆಯುವ ವಿಷಯವೂ ಅಲ್ಲ.

ಸಾಲಿನ ನಡುವೆ ಬಾಗಿಲು ತೆರೆದಿಟ್ಟ ಹಾಗೆ ಜಾಗ ಖಾಲಿ ಬಿತ್ತು. ಗ್ರಾಮಸೇವಕ ಮೇಲಿಂದ ಕೂಗಿ ಸಾಲನ್ನು ಸಡಿಲ ಮಾಡಿಸಿದ. ಕೇರಿಯವರು ಮೇಲೆ ಸರಿದರು, ಗೌಡರು ಕೆಳಗೆ ಇಳಿದರು. ಚನಿಯಾರು ದುಗ್ಗಮ್ಮ ಎದುರು ಬದುರಾದರು.

ಚನಿಯಾರು ಹಂಚನ್ನು ನೆಲಕ್ಕಿಟ್ಟು ಹಿಂದೆ ಸರಿದಳು. ದುಗ್ಗಮ್ಮ ಮುಂದೆ ಬಂದು ಎತ್ತಿಕೊಂಡಳು. ಇವಳು ಮತ್ತೊಂದು ಇಟ್ಟಳು, ಅವಳು ಎತ್ತಿದಳು. ಜಂಬಿಟ್ಟಿಗೆಯ ಹರಳು ತುಂಬಿದ ಇಳಿಜಾರು ಅದು, ನೆಲದಲ್ಲಿ ಹಂಚು ನಿಲ್ಲುತ್ತಿರಲಿಲ್ಲ. ಒಂದು ಜಾರಿ ಉರುಳಿ ಬದಿಯ ನೀರು ಹರಿಯುವ ಕಣಿಯಲ್ಲಿ ಚೂರಾಯಿತು. ಇನ್ನೊಂದರ ಮೂಲೆ ಮುರಿಯಿತು. ಹಿಂದೆ ನಿಂತವರ ಕೈಯಲ್ಲಿ ಹಂಚು ತುಂಬಿ, ಅವರು ಅವಸರ ಮಾಡತೊಡಗಿದರು. ಮಾಡಿನ ಮೇಲಿಂದ ಹಂಚು, ಹಂಚು ಎಂದು ಕೂಗುತ್ತಿದ್ದರು. ಪಡುವಣದಲ್ಲಿ ಗುಡುಗಿತು, ತಣ್ಣನೆ ಗಾಳಿ ಬೀಸಿತು. ಇನ್ನೊಂದು ಹಂಚು ಉರುಳಿತು.

ಚನಿಯಾರು ತಲೆ ಎತ್ತಿದಳು. ನೆತ್ತಿಯಲ್ಲಿ ಅವಳು ತುಳಿದ ಮಣ್ಣಿನ ಗೋಡೆ ಬರಿ ಆಕಾಶದ ಕೆಳಗೆ ನಿಂತಿತ್ತು. ಕೆಳಗಿನಿಂದ ಬಂದ ಹಂಚನ್ನು ಅವಳು ತೆಗೆದುಕೊಂಡಳು. ಈ ಸಲ ಬಗ್ಗಲಿಲ್ಲ. ಎರಡೂ ಕೈಯಲ್ಲಿ ಹಿಡಿದು ದುಗ್ಗಮ್ಮನತ್ತ ಚಾಚಿದಳು.

"ಅಮ್ಮಾ, ಕೆಳಗೆ ಇಟ್ರೆ ಒಡೀತದೆ. ಕೈಯಲ್ಲೇ ತೆಕ್ಕೊಳ್ಳಿ."

ದುಗ್ಗಮ್ಮ ಹಂಚು ಇಡಬೇಕಾಗಿದ್ದ ನೆಲವನ್ನೇ ನೋಡುತ್ತ ನಿಂತಳು. ಸಾಲಿನಲ್ಲಿ ಹಂಚು ನಿಂತಿತು. ಕುಕ್ಕಪ್ಪ ಗೌಡ ರೀಪಿನ ಮೇಲೆ ಕೂತಲ್ಲಿಂದ ತಿರುಗಿ ನೋಡಿದ. ಲಾರಿಯ ಮೇಲಿದ್ದ ಸುಂದರ ಹೆಂಡತಿಯ ಬೆನ್ನನ್ನಷ್ಟೇ ಕಂಡ. ಗುಡಿಸಲು ಗೌಡನ ಜಾಗದಲ್ಲಿ, ಕೂಲಿ ಗೌಡನ ಕೈಯಲ್ಲಿ. ದುಗ್ಗಮ್ಮ ಮುಖ ತಿರುಗಿಸಿ ನಡೆದರೆ ನಾಳೆ ಅವರಿಗೆ ಎರಡೂ ಇಲ್ಲ. ಅದು ಚನಿಯಾರುವಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ ಅವಳು ಕೈ ಇಳಿಸಲಿಲ್ಲ.

ಕೊನೆಗೆ ದುಗ್ಗಮ್ಮ ನೆಲದಿಂದ ಕಣ್ಣೆತ್ತಿ ಚನಿಯಾರುವಿನ ಮುಖ ನೋಡಿದಳು, ಒಂದು ಹೆಜ್ಜೆ ಕೆಳಗೆ ಬಂದಳು, ಹಂಚನ್ನು ಹಿಡಿದಳು. ಅವಳ ಬೆರಳು ಚನಿಯಾರುವಿನ ಬೆರಳಿನ ಮೇಲೆ ಬಿತ್ತು, ಒದ್ದೆಯಾಗಿ, ತಣ್ಣಗೆ. ದುಗ್ಗಮ್ಮ ಉಣ್ಣುವ ಅಕ್ಕಿಯನ್ನು ನೆಟ್ಟು, ಕೊಯ್ದು, ಬಡಿದ ಕೈ ಇದು. ಆ ಕೈಗೆ ಅವಳ ಕೈ ತಾಗಿದ್ದು ಅಂದೇ ಮೊದಲು. ಏನೂ ಆಗಲಿಲ್ಲ. ಭೂಮಿ ಬಾಯಿ ಬಿಡಲಿಲ್ಲ. ದುಗ್ಗಮ್ಮ ತಿರುಗಿ ಹಂಚನ್ನು ಮೇಲಿನವರಿಗೆ ಕೊಟ್ಟು, ಮತ್ತೆ ಇತ್ತ ತಿರುಗಿ ಕೈ ಚಾಚಿದಳು.

"ಬೇಗ ಕೊಡು, ಮಳೆ ಬಂತು" ಎಂದಳು.

ಆಮೇಲೆ ನಡೆದದ್ದನ್ನು ಚನಿಯಾರು ಎಷ್ಟು ಸಲ ಹೇಳಿದರೂ ಅವಳಿಗೆ ತೃಪ್ತಿ ಇರುತ್ತಿರಲಿಲ್ಲ. ಹಂಚುಗಳು ತಾವೇ ಕಾಲು ಬಂದು ಗುಡ್ಡೆ ಹತ್ತುತ್ತಿರುವ ಹಾಗೆ ಕಂಡವಂತೆ. ಯಾರ ಕೈ ಎಲ್ಲಿ ಮುಗಿಯಿತು, ಯಾರ ಕೈ ಎಲ್ಲಿ ಶುರುವಾಯಿತು ಎಂದು ಅವಳಿಗೆ ತಿಳಿಯಲಿಲ್ಲವಂತೆ. ಒಂದು ಊರಿಗೆ ಇಷ್ಟು ಶಕ್ತಿ ಉಂಟು ಎನ್ನುವುದು ಊರಿನಲ್ಲೇ ಹುಟ್ಟಿದ ಅವಳಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಅವಳಿಗೆ ಹೆದರಿಕೆಯಷ್ಟೇ ದೊಡ್ಡದಾದ ಸಂತೋಷ ಆಯಿತು. ಉಸಿರು ಬಿಡಲೂ ಮರೆತು ಅವಳು ತೆಗೆದುಕೊಂಡಳು, ಕೊಟ್ಟಳು, ತೆಗೆದುಕೊಂಡಳು.

ನಮಾಜು ಮುಗಿಸಿ ಓಡೋಡಿ ಬಂದ ಪೋಕರ್ ತನ್ನ ಜಾಗ ಹುಡುಕಿದ. ಜಾಗ ಇರಲಿಲ್ಲ. ಚನಿಯಾರುವಿನ ಕೈಯಿಂದ ದುಗ್ಗಮ್ಮನ ಕೈಗೆ ಹಂಚು ಹೋಗುವುದನ್ನು ಅವನು ಬಾಯಿ ತೆರೆದು ನೋಡಿದ. ತಮಾಷೆ ಮಾಡದೆ ಅವನು ಸುಮ್ಮನಿದ್ದದ್ದು ಆ ಊರಿನಲ್ಲಿ ಅದೊಂದೇ ಸಲ ಇರಬೇಕು. ಆಮೇಲೆ ಟೊಪ್ಪಿ ಕಿಸೆಗೆ ಹಾಕಿ, ತನ್ನವರೊಂದಿಗೆ ಮಾಡು ಹತ್ತಿ ಕುಕ್ಕಪ್ಪ ಗೌಡನ ಪಕ್ಕ ಹಂಚು ಹೊದಿಸಲು ಕೂತ.

ಮಾಡಿನ ನೆತ್ತಿಯ ಕೋಡಿನ ಹಂಚು ಕೂರಿಸುತ್ತಿದ್ದ ಹಾಗೆ ಮಳೆ ಬಂತು. ಹನಿ ಹನಿಯಾಗಿ ಅಲ್ಲ, ಒಮ್ಮೆಗೇ ಸುರಿದದ್ದು. ಜನ ಬಿದ್ದು ಎದ್ದು ಹೊಸ ಶಾಲೆಯೊಳಗೆ ನುಗ್ಗಿದರು. ಮೈಯೆಲ್ಲ ಕೆಂಪು ಧೂಳು, ಗೌಡ ಯಾರು ಬ್ಯಾರಿ ಯಾರು ಎಂದು ಗುರುತಿಸುವ ಹಾಗಿರಲಿಲ್ಲ. ಅಂದು ಸಂಜೆ ಊರಿನ ಎಲ್ಲ ಮನೆಗಳಲ್ಲೂ ಮಿಂದರು, ದುಗ್ಗಮ್ಮನೂ ಮಿಂದಳು. ಯಾರು ಮೈಲಿಗೆಗೆ ಮಿಂದರು, ಯಾರು ಧೂಳಿಗೆ ಮಿಂದರು ಎಂದು ಕೇಳಿದವರಿಲ್ಲ. ಒಂದೇ ದಿನದಲ್ಲಿ ಊರು ಬದಲಾಯಿತು ಎಂದು ಹೇಳುವಷ್ಟು ಸುಳ್ಳುಗಾರ ನಾನಲ್ಲ. ಮಾರನೆ ದಿನ ಗೌಡನ ಜಗಲಿ ಜಗಲಿಯೇ, ಅಂಗಳ ಅಂಗಳವೇ.

ಆದರೆ ಆ ಹೊತ್ತು, ಮಳೆ ಸುರಿಯುತ್ತಿರುವಾಗ, ಕೇರಿಯವರು ಅಭ್ಯಾಸದಂತೆ ಹೊರಗೆ ಮಾಡಿನಂಚಿನಲ್ಲಿ ನಿಂತರು. ಚನಿಯಾರು ಸೀತುವಿನ ಕೈ ಹಿಡಿದು ಬಾಗಿಲ ಎದುರು ನಿಂತಿದ್ದಳು. ಎರಚಲು ಇಬ್ಬರನ್ನೂ ತೋಯಿಸುತ್ತಿತ್ತು. ಒಳಗೆ ಬಾ ಎಂದು ಯಾರಾದರೂ ಕರೆಯುವರೋ ಎಂದು ಅವಳು ಕಾದಳು. ಯಾರೂ ಕರೆಯಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ದುಗ್ಗಮ್ಮನೂ. ಆಗ ಅವಳಿಗೆ ಹೊಳೆಯಿತು. ಕರೆಯಲು ಇದು ಅವರ ಮನೆಯಲ್ಲ, ತಡೆಯಲೂ ಅವರ ಮನೆಯಲ್ಲ. ಅವಳು ಹೊಸ್ತಿಲು ದಾಟಿ ಒಳಗೆ ಹೋದಳು.

ತಲೆಯ ಮೇಲೆ ಮಳೆ ಭೋರೆಂದು ಬೀಳುತ್ತಿತ್ತು. ಮುಳಿಹುಲ್ಲಿನ ಗುಡಿಸಲಿನಲ್ಲಿ ಮಳೆ ಸದ್ದು ಮಾಡುವುದಿಲ್ಲ, ಸೋರುತ್ತದೆ. ಹಂಚಿನ ಮಾಡಿನ ಕೆಳಗೆ ನಿಂತು ಮಳೆ ಕೇಳುವುದು ಹೀಗಿರುತ್ತದೆ ಎಂದು ಅವಳಿಗೆ ಅಂದು ತಿಳಿಯಿತು. ಅವಳು ತಲೆ ಮೇಲೆತ್ತಿ ನೋಡಿದಳು, ಒಂದು ಹನಿಯೂ ಕೆಳಗೆ ಬರುತ್ತಿರಲಿಲ್ಲ. ಸೀತು ಅವಳ ಸೀರೆ ಎಳೆದು, ಮಳೆಯ ಸದ್ದಿನಲ್ಲೂ ಕೇಳಿಸುವ ಹಾಗೆ ಕೂಗಿ ಕೇಳಿದಳು.

"ಅಮ್ಮಾ, ಇಲ್ಲಿ ಎಲ್ಲಿ ಕೂರುದು ನಾನು?"

ಚನಿಯಾರು ಇಡೀ ಕೋಣೆಯನ್ನು ಒಮ್ಮೆ ನೋಡಿದಳು. "ನಿಂಗೆ ಎಲ್ಲಿ ಬೇಕೋ ಅಲ್ಲಿ" ಎಂದಳು.